ಚೀನಾದ ಮನೆಗಳಲ್ಲಿ ಪೋಷಕರ ಹಿಡಿತ ನಿಜಕ್ಕೂ ಸಡಿಲವಾಗಿದೆಯೇ?

ಪರ

ತಮ್ಮ ತಂದೆತಾಯಿ ಅಜ್ಜ-ಅಜ್ಜಿಯರಂತಲ್ಲ ಎಂದು ಚೀನಾದ ನಗರಗಳಲ್ಲಿ ಬೆಳೆದ ಯುವಜನರು ಹೇಳಿದರೆ ಅದನ್ನು ನಂಬಲು ಗಟ್ಟಿಯಾದ ಕಾರಣಗಳಿವೆ. ಅಜ್ಜ-ಅಜ್ಜಿಯರು ಪಡಿತರ ಚೀಟಿಯ ಮೇಲೆ ಸಿಕ್ಕ ಅಕ್ಕಿ, ಎಣ್ಣೆ, ಬಟ್ಟೆಯಲ್ಲಿ ನಾಲ್ಕೈದು ಮಕ್ಕಳನ್ನು ಸಾಕಬೇಕಿದ್ದ ಕಾಲದಲ್ಲಿ ಹೊಟ್ಟೆ ತುಂಬಿಸುವುದೇ ದೊಡ್ಡ ಮಾತಾಗಿತ್ತು; ಮಗುವಿನ ಮನಸ್ಸಿನಲ್ಲೇನಿದೆ ಎಂದು ವಿಚಾರಿಸುವ ರೂಢಿ ಇರಲಿಲ್ಲ. 1980ರಿಂದ 2015ರವರೆಗೆ ಜಾರಿಯಲ್ಲಿದ್ದ ಒಂದೇ ಮಗುವಿನ ನೀತಿ ಲಕ್ಷಾಂತರ ಹೆಂಗಸರ ಮೇಲೆ ಎಸಗಿದ ಕ್ರೌರ್ಯವನ್ನು ಯಾವ ವಾದವೂ ಮುಚ್ಚಿಡಬಾರದು. ಆದರೂ, ಹಿಂದೆ ಅಣ್ಣತಮ್ಮಂದಿರಿಗೆ ಮೀಸಲಾಗುತ್ತಿದ್ದ ಓದು, ಹಣ ಮತ್ತು ಗಮನ ಆ ವರ್ಷಗಳಲ್ಲಿ ನಗರದ ಒಬ್ಬಳೇ ಮಗಳಿಗೆ ಪೂರ್ತಿಯಾಗಿ ದಕ್ಕಿದ್ದು, ಮತ್ತು ಹಾಗೆ ಬೆಳೆದ ಹೆಣ್ಣುಮಕ್ಕಳು ಮನೆಯಲ್ಲಿ ಎದುರು ಮಾತನಾಡುವ ಧೈರ್ಯ ಪಡೆದದ್ದು ಸಣ್ಣ ಬದಲಾವಣೆಯಲ್ಲ.

ಬಯ್ದ ಮೇಲೆ ಕ್ಷಮೆ ಕೇಳಲು ಬಾರದೆ, ಹೆಚ್ಚಿದ ಹಣ್ಣಿನ ತಟ್ಟೆಯನ್ನು ಓದುವ ಮೇಜಿನ ಮೇಲಿಟ್ಟು ಸುಮ್ಮನೆ ಹೋಗುವ ತಾಯಿಯನ್ನು ಅಲ್ಲಿನ ಯುವಜನರೆಲ್ಲ ಬಲ್ಲರು. ಇಂದು ಅಂಥ ತಾಯಂದಿರಲ್ಲಿ ಎಷ್ಟೋ ಮಂದಿ ವೀಚಾಟ್ ಎಂಬ ಮೊಬೈಲ್ ಸಂದೇಶ ಆ್ಯಪ್‌ನಲ್ಲಿ ಮನಸ್ಸು ಬಿಚ್ಚಿ ಮಾತನಾಡುತ್ತಾರೆ. 2016ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮತ್ತು 2022ರ ಜನವರಿಯಲ್ಲಿ ಜಾರಿಗೆ ಬಂದ ಕುಟುಂಬ ಶಿಕ್ಷಣ ಕಾಯ್ದೆ ಮಕ್ಕಳ ಮೇಲೆ ಕೈಮಾಡಕೂಡದೆಂದು ಹೇಳುವುದರಿಂದ, ಹೊಡೆತವನ್ನು ಮನೆಯೊಳಗಿನ ಶಿಸ್ತೆಂದು ಸಮರ್ಥಿಸುವುದು ಕಷ್ಟವಾಗಿದೆ.

ವಿರೋಧ

ಪೋಷಕರ ದನಿ ತಗ್ಗಿದೆ ಎಂಬುದನ್ನು ಒಪ್ಪೋಣ. ಆದರೆ ಆ ದನಿ ಕೇಳುತ್ತಿರುವುದೇನು ಎಂಬುದನ್ನೂ ನೋಡಬೇಕು. 2024ರ ಜೂನ್‌ನಲ್ಲಿ 1.34 ಕೋಟಿ ವಿದ್ಯಾರ್ಥಿಗಳು ಗಾವ್‌ಕಾವ್ ಎಂಬ ಕಾಲೇಜು ಪ್ರವೇಶ ಪರೀಕ್ಷೆಗೆ ಹೆಸರು ನೋಂದಾಯಿಸಿದ್ದರು. ಒಂದು ಪರೀಕ್ಷೆಯೇ ಬದುಕಿನ ದಾರಿಯನ್ನು ತೀರ್ಮಾನಿಸುವಾಗ ಸ್ನೇಹಿತೆಯಂಥ ತಾಯಿಯೂ ಅಂಕಪಟ್ಟಿಯನ್ನೇ ಮೊದಲು ಕೇಳುತ್ತಾಳೆ. 2021ರ ಜುಲೈನಲ್ಲಿ ಸರ್ಕಾರ ಶಾಲಾ ವಿಷಯಗಳ ಲಾಭದ ಟ್ಯೂಷನ್ ವ್ಯವಹಾರಕ್ಕೆ ಕಡಿವಾಣ ಹಾಕಿತು. ಪೈಪೋಟಿ ಇದ್ದಲ್ಲೇ ಇದ್ದುದರಿಂದ ಉಳ್ಳವರ ಮನೆಗಳಲ್ಲಿ ಪಾಠ ಗುಟ್ಟಾಗಿ, ಇನ್ನಷ್ಟು ದುಬಾರಿಯಾಗಿ ಮುಂದುವರಿಯಿತು. ಕಚೇರಿಯಲ್ಲಿ ಕುಳಿತ ಪೋಷಕರು ಮಗು ಓದುತ್ತಿದೆಯೇ ಎಂದು ನೋಡಲು ಕ್ಯಾಮೆರಾ ಇರುವ ಮೇಜಿನ ದೀಪಗಳೂ ಬಂದವು.

ಓದು ಮುಗಿದ ಮೇಲೂ ಬಿಡುಗಡೆಯಿಲ್ಲ. ಶಾಂಘೈನ ಪೀಪಲ್ಸ್ ಪಾರ್ಕ್‌ನಲ್ಲಿ ವಾರಾಂತ್ಯಗಳಲ್ಲಿ ಪೋಷಕರು ಮಕ್ಕಳ ವಯಸ್ಸು, ಎತ್ತರ, ಸಂಬಳ, ಸ್ವಂತ ಮನೆಯ ವಿವರ ಬರೆದ ಹಾಳೆಗಳನ್ನು ಬಿಚ್ಚಿದ ಕೊಡೆಗಳ ಮೇಲೆ ಅಂಟಿಸಿ ವಧೂವರರನ್ನು ಹುಡುಕುತ್ತಾರೆ. ಎಷ್ಟೋ ಸಲ ಮಕ್ಕಳಿಗೆ ಅದರ ಸುಳಿವೂ ಇರುವುದಿಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಸಡಿಲವಾದ ಹಿಡಿತದ ಈ ಕಥೆ ನಗರದ್ದು. ಹುಕೌ ಎಂಬ ನಿವಾಸ ನೋಂದಣಿ ವ್ಯವಸ್ಥೆಯಿಂದಾಗಿ ವಲಸೆ ಕಾರ್ಮಿಕರ ಮಕ್ಕಳಿಗೆ ದೊಡ್ಡ ನಗರಗಳ ಸರ್ಕಾರಿ ಶಾಲೆ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಸಿಚುವಾನ್ ಅಥವಾ ಗುಯಿಝೌನ ಹಳ್ಳಿಯಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆದು, ಗುವಾಂಗ್‌ಡಾಂಗ್‌ನ ಕಾರ್ಖಾನೆಯಲ್ಲಿ ದುಡಿಯುವ ಅಪ್ಪ-ಅಮ್ಮನನ್ನು ಚೀನೀ ಹೊಸವರ್ಷದ ರಜೆಯಲ್ಲಿ ಮಾತ್ರ ಕಂಡ ಯುವಕನಿಗೆ ಹೆತ್ತವರು ಕಟ್ಟುನಿಟ್ಟಿನವರೋ ಮೃದುವೋ ಎಂದು ಕೇಳಿದರೆ, ಹೋಲಿಸಿ ಹೇಳುವಷ್ಟು ಕಾಲ ಅವನು ಅವರೊಡನೆ ಬದುಕಿಯೇ ಇಲ್ಲ.