ಬರೀ ಹಣದುಬ್ಬರದ ಮೇಲೆ ಹೊರಿಸಬೇಡಿ

ಜಿಂಬಾಬ್ವೆಯ 2008ರ ಕಾಲರಾ ಸಾವುಗಳಿಗೆ ಹಣದುಬ್ಬರವೇ ಮೂಲ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಅರ್ಧ ಸತ್ಯ. ಅದಕ್ಕೂ ಕೆಲವು ವರ್ಷ ಮೊದಲೇ ವಿರೋಧ ಪಕ್ಷದ ಹಿಡಿತದಲ್ಲಿದ್ದ, ರಾಜಧಾನಿ ಹರಾರೆಯ ನಗರಸಭೆಯ ಕೈಯಿಂದ ನೀರು ಪೂರೈಕೆಯನ್ನು ಕಿತ್ತು ರಾಷ್ಟ್ರೀಯ ಜಲ ಪ್ರಾಧಿಕಾರಕ್ಕೆ ಕೊಟ್ಟದ್ದು ಯಾರು? ಮುಗಾಬೆ ಸರ್ಕಾರವೇ. ಅದು ರಾಜಕೀಯ ಹಗೆ, ಅರ್ಥಶಾಸ್ತ್ರವಲ್ಲ.

ಹರಾರೆಯ ಬುಡಿರಿರೊ ಬಡಾವಣೆಯನ್ನೇ ನೋಡಿ. ನಲ್ಲಿ ಒಣಗಿತ್ತು, ಒಡೆದ ಒಳಚರಂಡಿ ಬೀದಿಯಲ್ಲೇ ಹರಿಯುತ್ತಿತ್ತು. ಜನ ಅಂಗಳದಲ್ಲಿ ಆಳವಿಲ್ಲದ ಬಾವಿ ತೋಡಿಕೊಂಡರು. ಆ ಹೊಲಸೇ ಬಾವಿಗೂ ಇಳಿಯಿತು. ಡಿಸೆಂಬರ್ ಆರಂಭದಲ್ಲಿ ಶುದ್ಧೀಕರಣದ ರಾಸಾಯನಿಕವಿಲ್ಲವೆಂದು ರಾಜಧಾನಿಯ ನೀರನ್ನೇ ನಿಲ್ಲಿಸಿದರು. ದೊಡ್ಡ ಆಸ್ಪತ್ರೆಗಳು ನವೆಂಬರ್‌ನಲ್ಲೇ ಬಾಗಿಲು ಹಾಕಿದ್ದವು. ಆರೋಗ್ಯ ಸಚಿವರು ತುರ್ತು ಪರಿಸ್ಥಿತಿ ಘೋಷಿಸಿ ಹತ್ತು ದಿನ ಕಳೆಯುವ ಮೊದಲೇ, ಡಿಸೆಂಬರ್ 11ರಂದು, ಕಾಲರಾ ಈಗ ಇಲ್ಲವೆಂದು ಅಧ್ಯಕ್ಷ ಮುಗಾಬೆ ಸಾರಿದರು!

ಒಂದು ಲೀಟರ್ ಶುದ್ಧ ನೀರು, ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು: ಬಹುತೇಕ ರೋಗಿಗಳು ಬದುಕುವುದಕ್ಕೆ ಬೇಕಾದದ್ದು ಇಷ್ಟೇ. (ಆ ಶುದ್ಧ ನೀರೇ ಇರಲಿಲ್ಲ ಎನ್ನುವುದು ಬೇರೆ ಮಾತು.) ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ನೂರರಲ್ಲಿ ಒಬ್ಬರೂ ಸಾಯಬೇಕಿಲ್ಲ. ಅಲ್ಲಿ ಸುಮಾರು 98 ಸಾವಿರ ಜನರಿಗೆ ತಗುಲಿ, 4 ಸಾವಿರಕ್ಕೂ ಹೆಚ್ಚು ಮಂದಿ, ಅಂದರೆ ನೂರರಲ್ಲಿ ನಾಲ್ವರಿಗಿಂತ ಹೆಚ್ಚು, ಸತ್ತರು. ಆ ಅಂತರಕ್ಕೂ ಹಣದುಬ್ಬರವೇ ಕಾರಣವೇ, ಲೇಖಕರು ಉತ್ತರಿಸಲಿ.