ಚಾಕು ಮೂರಿಂಚು, ಜಾಹೀರಾತು ಮೂರು ಮೈಲಿ

ಬೆಳಿಗ್ಗೆಯಿಂದ ತಲೆ ಕೆಟ್ಟು ಕೂತಿದೀನಿ. ಕಾರಣ ನಮ್ಮ ಅಕ್ಕನ ಮಗ. ಅಗ್ನಿವೀರ್ ಆಗಿ ಆಯ್ಕೆಯಾಗಿದಾನೆ, ಮುಂದಿನ ವಾರ ಉತ್ತರದ ಕಡೆ ಟ್ರೈನಿಂಗ್ ಸೆಂಟರ್‌ಗೆ ಹೊರಡಬೇಕು. ಆಶೀರ್ವಾದ ತಗೊಳ್ಳೋಕೆ ಬಂದವನು ಕಾಲಿಗೆ ಬಿದ್ದು ಎದ್ದವನೇ ಬ್ಯಾಗಿಂದ ಒಂದು ಡಬ್ಬಿ ತೆಗೆದ. "ಮಾವ, ಹೇಗಿದೆ ನೋಡಿ."

ಒಳಗೆ ಕಪ್ಪು ಬಳಿದ ಮಡಚೋ ಚಾಕು. ಗುಂಡಿ ಒತ್ತಿದರೆ ಟಪ್ ಅಂತ ಅಲಗು ಆಚೆ. ಅಲಗಿನ ಬೆನ್ನಿಗೆ ಗರಗಸದ ಹಲ್ಲು, ಹಿಡಿ ಮೇಲೆ ತಲೆಬುರುಡೆ, ಬುಡದಲ್ಲಿ ಗಾಜು ಒಡೆಯೋ ಮೊನೆ, ಮೇಲೊಂದು ಪುಟಾಣಿ ದಿಕ್ಸೂಚಿ. ದಿಕ್ಸೂಚಿ ಉತ್ತರ ಅಂತ ನಮ್ಮನೆ ಬಚ್ಚಲು ತೋರಿಸ್ತಿತ್ತು. ಬಚ್ಚಲಿರೋದು ಪಶ್ಚಿಮಕ್ಕೆ. "ಆನ್‌ಲೈನಲ್ಲಿ ಮಿಲಿಟರಿ ಕಮಾಂಡೋ ಟ್ಯಾಕ್ಟಿಕಲ್ ಅಂತ ಇತ್ತು ಮಾವ. ಆಫರ್‌ನಲ್ಲಿ 499."

ಯಾವ ಮಿಲಿಟರಿ? ಯಾವ ಕಮಾಂಡೋ? ಮಾರೋನಿಗೂ ಗೊತ್ತಿಲ್ಲ, ಕೊಳ್ಳೋನಿಗೂ ಗೊತ್ತಿಲ್ಲ.

ನಾನು ಸೈನ್ಯದ ಸಿಗ್ನಲ್ಸ್‌ನಲ್ಲಿ, ಟೆಲಿಫೋನ್ ಕೇಬಲ್ ಎಳೆದು ರಿಪೇರಿ ಮಾಡೋ ಲೈನ್ ಪಾರ್ಟಿಯಲ್ಲೇ ಸವೆದವನು ಅಂತ ನಿಮಗೆಲ್ಲ ಗೊತ್ತು. ಸರ್ವಿಸ್ ಉದ್ದಕ್ಕೂ ಜೇಬಲ್ಲಿ ಚಾಕು ಇಟ್ಕೊಂಡಿದ್ದೆ. ಅದರಲ್ಲಿ ಏನು ಕೊಯ್ದೆ ಅಂತ ಕೇಳಿದರೆ ನಿಮಗೆ ನಿರಾಸೆ ಆಗುತ್ತೆ. ಈರುಳ್ಳಿ. ಟೆಂಟಿನ ಹಗ್ಗ. ರೇಷನ್ ಬಂದ ಗೋಣಿಚೀಲದ ಹೊಲಿಗೆ. ಬೂಟಿನ ಅಡಿಗೆ ಕಚ್ಚಿಕೊಂಡ ಮಂಜುಗಡ್ಡೆ. ಎಲ್ಲಕ್ಕಿಂತ ಹೆಚ್ಚಾಗಿ, ಕೇಬಲ್.

ಕೇಬಲ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ತಲೆಬುರುಡೆ ಚಾಕು ಮಾರೋರಿಗೆ ಇದು ಗೊತ್ತಿರಲ್ಲ. ರಾತ್ರಿ ಲೈನ್ ಕಟ್ ಆಯ್ತು ಅನ್ನಿ. ಹಿಮ ಜಾರಿ ಆಗಿರಬಹುದು, ಹೇಸರಗತ್ತೆ ಕಾಲಿಗೆ ಸಿಕ್ಕಿ ಆಗಿರಬಹುದು. ಕೇಬಲನ್ನ ಕೈಯಲ್ಲಿ ಜಾರಿಸ್ಕೊಂಡು ನಡೀತಾ ಹೋಗಬೇಕು. ಅಲ್ಲಲ್ಲಿ ನಿಂತು ಟೆಲಿಫೋನ್ ಜೋಡಿಸಿ ಹ್ಯಾಂಡಲ್ ತಿರುಗಿಸಿದಾಗ ಎಕ್ಸ್‌ಚೇಂಜ್‌ನವನು "ಹಾಂ, ಬೋಲೋ" ಅಂದರೆ ಹಿಂದಿನ ಲೈನ್ ಸರಿ ಇದೆ, ಇನ್ನೂ ಮುಂದೆ ಹೋಗು ಅಂತ ಅರ್ಥ. ತುಂಡಾದ ಜಾಗ ಸಿಕ್ಕಿದ ಮೇಲೆ ಮಂಜಲ್ಲಿ ಮೊಣಕಾಲೂರಿ ಕೂತು ಮೇಲಿನ ಪ್ಲಾಸ್ಟಿಕ್ ಬಿಡಿಸಬೇಕು. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋದಾಗ ಆ ಪ್ಲಾಸ್ಟಿಕ್ ಗಟ್ಟಿಯಾಗಿ ಬಿರುಕು ಬಿಡುತ್ತೆ. ಅಲಗನ್ನ ನೆಟ್ಟಗೆ ಒತ್ತಿ ಸುತ್ತ ತಿರುಗಿಸಿದರೆ ಕೆಟ್ಟೆ, ಒಳಗಿನ ಎಳೆಗೆ ಗಾಯ ಆಗುತ್ತೆ, ನಾಳೆ ಅಲ್ಲೇ ಮತ್ತೆ ಕಡಿಯುತ್ತೆ. ಅಲಗನ್ನ ಓರೆಯಾಗಿ ಮಲಗಿಸಿ, ಪೆನ್ಸಿಲ್ ಕೆತ್ತಿದ ಹಾಗೆ ಹೊರಮುಖವಾಗಿ ತೆಳ್ಳಗೆ ಎಬ್ಬಿಸ್ತಾ ಬರಬೇಕು. ಎಳೆಗಳಲ್ಲಿ ತಾಮ್ರದ ಜೊತೆ ಉಕ್ಕಿನವೂ ಇರುತ್ತೆ. ಅದನ್ನ ಚಾಕುವಿನಲ್ಲಿ ಕತ್ತರಿಸೋಕೆ ಹೋದ ಹೊಸಬನ ಅಲಗು ಅವತ್ತೇ ಹಲ್ಲು ಕಿರೀತದೆ. ಅದಕ್ಕೆ ಪ್ಲೈಯರ್ ಇದೆ. ಆಮೇಲೆ ಗಂಟು, ಗಂಟಿನ ಮೇಲೆ ತಂತಿ ಸುತ್ತು, ಅದರ ಮೇಲೆ ಟೇಪು. ಇಷ್ಟೂ ಕೆಲಸ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು. ಗರಗಸದ ಹಲ್ಲಿನ ಚಾಕು ತಂದು ಈ ಕೆಲಸ ಮಾಡು ನೋಡೋಣ ಅಂದೆ ಹುಡುಗನಿಗೆ. ಅವನು ಮೊಬೈಲ್ ನೋಡ್ತಿದ್ದ.

ಸಿಪಾಯಿ ಜೇಬಿನ ಚಾಕು ಹುಟ್ಟಿದ್ದೇ ಇಂಥ ಕೆಲಸಕ್ಕೆ. ಎಲ್ಲರೂ ಬಾಯಿ ಚಪ್ಪರಿಸೋ ಸ್ವಿಸ್ ಆರ್ಮಿ ಚಾಕುವನ್ನೇ ತಗೊಳ್ಳಿ. 1890ರ ಮಾದರಿ ಅಂತ ಅವರ ಸೈನ್ಯ ಮೊದಲು ತರಿಸಿದ್ದರಲ್ಲಿ ಇದ್ದದ್ದು ಒಂದು ಅಲಗು, ತೂತು ಕೊರೆಯೋಕೆ ಒಂದು ದಬ್ಬಳದಂಥ ಮೊನೆ, ಡಬ್ಬಿ ಓಪನರ್, ಒಂದು ಸ್ಕ್ರೂಡ್ರೈವರ್. ಸ್ಕ್ರೂಡ್ರೈವರ್ ಯಾಕೆ? ಆಗ ತಾನೇ ಬಂದಿದ್ದ ಹೊಸ ರೈಫಲ್ ಬಿಚ್ಚೋಕೆ. ಓಪನರ್ ಯಾಕೆ? ಊಟಕ್ಕೆ. ಕತ್ತು ಕೊಯ್ಯೋ ಮಾತೇ ಇಲ್ಲ. ತಮಾಷೆ ಅಂದ್ರೆ ಮೊದಲ ಕಂತು ಸ್ವಿಟ್ಜರ್‌ಲೆಂಡಿನಲ್ಲಿ ತಯಾರಾಗಲೇ ಇಲ್ಲ, ಜರ್ಮನಿಯ ಸೋಲಿಂಗನ್‌ನಿಂದ ತರಿಸಿದರು. ಕಾರ್ಲ್ ಎಲ್ಸೆನರ್ ಅನ್ನೋ ಸ್ವಿಸ್ ಚಾಕು ತಯಾರಕ 1897ರಲ್ಲಿ ಆಫೀಸರ್‌ಗಳಿಗೆ ಅಂತ ಬೇರೆ ಚಾಕು ಮಾಡಿದ. ಅದಕ್ಕೆ ಸೇರಿಸಿದ್ದು ಇನ್ನೊಂದು ಚಿಕ್ಕ ಅಲಗು ಮತ್ತು ವೈನ್ ಬಾಟಲಿಯ ಬಿರಡೆ ತೆಗೆಯೋ ಸುರುಳಿ! ಸಿಪಾಯಿಗೆ ಡಬ್ಬಿ, ಸಾಹೇಬರಿಗೆ ಬಾಟಲಿ. ಸೈನ್ಯ ಅಂದ್ರೆ ಎಲ್ಲಾ ದೇಶದಲ್ಲೂ ಒಂದೇ ಬಿಡಿ.

ಬ್ರಿಟಿಷ್ ಮಾದರಿಯ ಹಳೇ ಜ್ಯಾಕ್ ನೈಫ್ ನೋಡಿದೀರಾ? ನಮ್ಮ ಉಸ್ತಾದ್ ಒಬ್ಬರ, ಅಂದ್ರೆ ಟ್ರೈನಿಂಗ್ ಕೊಡೋ ಮೇಷ್ಟ್ರ, ಸೊಂಟದಲ್ಲಿ ದಾರ ಕಟ್ಟಿಕೊಂಡು ನೇತಾಡ್ತಿತ್ತು. ಅಲಗಿನ ತುದಿ ಮೊಂಡ, ಚೂಪೇ ಇಲ್ಲ. ಹಗ್ಗ ಕೊಯ್ಯೋಕೆ ಚೂಪು ಯಾಕೆ? ಇನ್ನೊಂದು ಪಕ್ಕ ದಪ್ಪನೆಯ ಉಕ್ಕಿನ ಮೊಳೆ. ಮಳೇಲಿ ನೆಂದು ಬಿಗಿದ ಟೆಂಟ್ ಗಂಟಿಗೆ ಆ ಮೊಳೆ ತೂರಿಸಿ ಒಂದು ತಿರುವು ಕೊಟ್ಟರೆ ಗಂಟು ಬಾಯಿ ಬಿಡೋದು. ಆ ಚಾಕು ತೋರಿಸಿ ಯಾರನ್ನೂ ಹೆದರಿಸೋಕೆ ಆಗಲ್ಲ. ಉಸ್ತಾದರ ಮುಖವೇ ಸಾಕಿತ್ತು.

ಈಗ ಬರುತ್ತೆ ನೋಡಿ ವಾದ. ಹುಡುಗನೂ ಅದನ್ನೇ ಹೇಳಿದ, ಕಾಮೆಂಟಲ್ಲಿ ನೀವೂ ಹೇಳ್ತೀರಿ, ಗೊತ್ತು. "ಗಲ್ವಾನ್‌ನಲ್ಲಿ ಏನಾಯ್ತು? ಕೈಕೈ ಮಿಲಾಯಿಸೋ ಹೊತ್ತಲ್ಲಿ ಚಾಕು ಬೇಡವಾ?" 2020ರ ಜೂನ್ 15ರ ರಾತ್ರಿ ಅಲ್ಲಿ ಚೀನಾದವರ ಜೊತೆ ನಡೆದ ಹೊಡೆದಾಟದಲ್ಲಿ ನಮ್ಮ 20 ಜನ ಪ್ರಾಣ ಬಿಟ್ಟರು. ಆ ಹೆಸರು ತೆಗೆದು ಚಾಕು ಮಾರೋರನ್ನ ಕಂಡರೆ ಮೈ ಉರಿಯುತ್ತೆ. ಆ ಗಡಿಯಲ್ಲಿ ಗುಂಡು ಹಾರಿಸಬಾರದು ಅಂತ 1996ರ ಒಪ್ಪಂದ ಇದೆ, ನಿಜ. ಅಲ್ಲಿ ನಡೆದದ್ದು ಕಲ್ಲು, ದೊಣ್ಣೆ, ಮೊಳೆ ಹೊಡೆದ ಸರಳು ಹಿಡಿದು. ಎದುರಿನವನ ಕೈಯಲ್ಲಿ ಉದ್ದನೆ ಸರಳು, ಮೈಮೇಲೆ ಪದರ ಪದರ ಚಳಿ ಬಟ್ಟೆ. ನೀನು ಗ್ಲೌಸ್ ಹಾಕಿದ ಕೈಯಲ್ಲಿ 499ರ ಗುಂಡಿ ಹುಡುಕ್ತಾ ನಿಂತಿರ್ತೀಯ. ಹತ್ತಿರದ ಕಾದಾಟಕ್ಕೆ ಅಂತ ರೈಫಲ್ ಮುಂದೆ ಸಂಗೀನು (ಬಯೋನೆಟ್) ಇದೆ, ಗೂರ್ಖಾ ಪಲ್ಟನ್‌ಗೆ ಖುಕುರಿ ಅನ್ನೋ ಬಾಗಿದ ಕತ್ತಿ ಇದೆ, ಕಲಿಸೋಕೆ ಉಸ್ತಾದ್ ಇದಾರೆ. ಕೊರಿಯರ್‌ನಲ್ಲಿ ಬರೋದು ಅದರ ಲೆಕ್ಕಕ್ಕೆ ಬರಲ್ಲ. ಮುಗೀತು ಆ ವಾದ.

ಒಂದು ಕೈಯಲ್ಲಿ ಬಿಚ್ಚೋಕೆ ಬರಬೇಕು ಅನ್ನೋದನ್ನ ಮಾತ್ರ ಒಪ್ತೀನಿ. ಕಂಬ ಹತ್ತಿದವನಿಗೆ ಇನ್ನೊಂದು ಕೈ ಎಲ್ಲಿರುತ್ತೆ? ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಪ್ಯಾರಾಟ್ರೂಪರ್‌ಗಳಿಗೆ ತನ್ನ ಭಾರಕ್ಕೇ ಅಲಗು ಜಾರಿ ಬರೋ ಚಾಕು ಕೊಟ್ಟಿದ್ದರು, ಪ್ಯಾರಾಶೂಟ್ ಹಗ್ಗಕ್ಕೆ ಸಿಕ್ಕಿಬಿದ್ದರೆ ಒಂದೇ ಕೈಯಲ್ಲಿ ಕೊಯ್ದುಕೊಳ್ಳಲಿ ಅಂತ. ಸ್ವಿಸ್‌ನವರೂ 2008ರಲ್ಲಿ ಅಲಗಿಗೆ ಹೆಬ್ಬೆರಳು ಹಿಡಿಯೋ ತೂತು ಮಾಡಿದರು. ತೂತು ಸಾಕು. ಸ್ಪ್ರಿಂಗು, ಗುಂಡಿ ಬೇಡ.

ಯಾಕೆ ಬೇಡ ಅನ್ನೋದಕ್ಕೆ ಇನ್ನೊಂದು ಕಾರಣ. ಇವನು ದೆಹಲಿಯಲ್ಲಿ ರೈಲು ಬದಲಿಸಬೇಕು. ದೆಹಲಿಯಲ್ಲಿ 1980ರ ಒಂದು ಅಧಿಸೂಚನೆ ಇದೆ: ಗುಂಡಿ, ಸ್ಪ್ರಿಂಗ್‌ನಿಂದ ಬಿಚ್ಚೋ ಚಾಕುವಿನ ಅಲಗು 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಮುಟ್ಟಿದರೆ ಪೊಲೀಸರು ಆರ್ಮ್ಸ್ ಆಕ್ಟ್ ಕೇಸು ಹಾಕಬಹುದು.  ಆ ಉದ್ದ ಅಂದ್ರೆ ಸರಿಯಾಗಿ ಮೂರಿಂಚು. ಅಳತೆ ಟೇಪು ತಂದು ಹಿಡಿದೆ. ಕಮಾಂಡೋ ಚಾಕು ನಾಲ್ಕಿಂಚು ದಾಟಿತ್ತು. ದೇಶಸೇವೆಗೆ ಹೊರಟವನು ಮೊದಲು ಸೇರೋದು ಪೊಲೀಸ್ ಸ್ಟೇಷನ್. ನಮ್ಮಕ್ಕನಿಗೆ ಫೋನ್ ಮಾಡಿ ಹೇಳೋರು ಯಾರು? ನಾನೇ!

ಬಣ್ಣದ ಬಗ್ಗೆಯೂ ಒಂದು ಮಾತು. ಕಪ್ಪು ಚಾಕು ಕತ್ತಲಲ್ಲಿ ಶತ್ರುವಿಗೆ ಕಾಣಲ್ಲವಂತೆ. ಕೆಳಗೆ ಬಿದ್ದರೆ ನಿನಗೂ ಕಾಣಲ್ಲ ಕಣೋ! ನನ್ನದು ಕೆಂಪು ಹಿಡಿಯದ್ದು, ಎರಡೇ ಅಲಗು. ಲೇಹ್ ಬಜಾರಿನಲ್ಲಿ ಕೊಂಡದ್ದು. ಹೆಂಡತಿಗೆ ಇವತ್ತಿನವರೆಗೂ ಅರ್ಧ ರೇಟೇ ಹೇಳಿದೀನಿ, ಅವಳು ಫೇಸ್‌ಬುಕ್ ನೋಡಲ್ಲ ಅನ್ನೋ ಧೈರ್ಯದಲ್ಲಿ ಇಲ್ಲಿ ಬರೀತಿದೀನಿ. ಬಾಲಕ್ಕೆ ಕಿತ್ತಳೆ ದಾರ ಕಟ್ಟಿ ಇನ್ನೊಂದು ತುದಿ ಬೆಲ್ಟಿಗೆ. ಮೊಂಡಾದರೆ ಪಿಂಗಾಣಿ ಟೀ ಕಪ್ ಬೋರಲು ಹಾಕಿ ಬುಡದ ಒರಟು ಅಂಚಿಗೆ ನಾಲ್ಕು ಸಲ ಉಜ್ಜೋದು. ಹಲ್ಲಿನ ಅಲಗಿಗೆ ಈ ಉಪಚಾರ ನಡೆಯಲ್ಲ. ಚಳಿಯಲ್ಲಿ ಅಲಗು ಮಡಚೋ ಕೀಲಿಗೆ ಎಣ್ಣೆ ಸುರೀಬಾರದು, ಗಟ್ಟಿಯಾಗಿ ಬಿಚ್ಚಲ್ಲ. ಇಂಥದ್ದನ್ನ ಯಾವ ಜಾಹೀರಾತಿನಲ್ಲೂ ಹಾಕಲ್ಲ, ಇದರಲ್ಲಿ ದುಡ್ಡಿಲ್ಲವಲ್ಲ.

ಇಷ್ಟು ಸಿಟ್ಟು ಯಾಕೆ ಅಂತ ಮಧ್ಯಾಹ್ನ ಊಟ ಆದಮೇಲೆ ಒಬ್ಬನೇ ಕೂತು ಯೋಚನೆ ಮಾಡಿದೆ. ರೈಫಲ್ ನನ್ನದು ಅಂತ ಎಷ್ಟೇ ಅಂದರೂ ಕೆಲಸ ಮುಗಿದ ಮೇಲೆ ಕೋತ್‌ನಲ್ಲಿ, ಅಂದ್ರೆ ಆಯುಧದ ಕೋಣೆಯಲ್ಲಿ, ಜಮಾ ಮಾಡಿ ಸಹಿ ಹಾಕಿ ಬರಬೇಕಿತ್ತು. ಬಟ್ಟೆ ಸರ್ಕಾರದ್ದು, ಮಂಚ ಸರ್ಕಾರದ್ದು, ಪ್ಲೇಟು ಮಗ್ಗಿನ ಮೇಲೂ ನಂಬರ್. ರಾತ್ರಿ ಮಲಗುವಾಗ ನನ್ನದು ಅಂತ ಜೇಬಲ್ಲಿ ಉಳೀತಿದ್ದದ್ದು ಆ ಮೂರಿಂಚು ಮಾತ್ರ. ಅಂಥದ್ದರ ಮೇಲೆ ತಲೆಬುರುಡೆ ಅಂಟಿಸಿ ಆಫರ್ ಹಾಕಿ ಮಾರ್ತಾರಲ್ಲ ಇವರು, ಉರಿಯದೆ ಇರುತ್ತಾ?

ಆಮೇಲೆ, ಟ್ರೈನಿಂಗ್‌ಗೆ ಹೋಗೋ ಮಕ್ಕಳ ಅಪ್ಪ ಅಮ್ಮಂದಿರು ಯಾರಾದರೂ ಓದ್ತಿದ್ದರೆ: ಸೆಂಟರ್‌ಗೆ ಯಾವ ಚಾಕುವನ್ನೂ ಕಳಿಸಬೇಡಿ, ಪೆಟ್ಟಿಗೆ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಮೈದಾನ ಸುತ್ತೋದು ನಿಮ್ಮ ಮಗನೇ. ಯೂನಿಟ್‌ಗೆ ಹೋದಮೇಲೆ ಅಲ್ಲಿನ ಹಿರಿಯರನ್ನ ಕೇಳಿ ತಗೊಳ್ಳಲಿ. ರಜೆಗೆ ವಿಮಾನದಲ್ಲಿ ಬಂದರೆ ಕೈಚೀಲದಲ್ಲಿ ಇಡದೆ ಲಗೇಜಿಗೆ ಹಾಕಲಿ, ಸೆಕ್ಯುರಿಟಿಯವರು ಫೌಜಿ ಅಂತ ನೋಡಲ್ಲ. ಮತ್ತೆ ಇನ್‌ಬಾಕ್ಸಿಗೆ ಬಂದು "ಸರ್, ನಿಮ್ಮ ಚಾಕುದು ಲಿಂಕ್ ಕಳಿಸಿ" ಅಂತ ಕೇಳಬೇಡಿ. ಲಿಂಕ್ ಇಲ್ಲ.