ಪ್ರಮಾಣ ನಮ್ಮ ಹೆಸರಿನಲ್ಲಿ, ಸಮಾರಂಭ ಗಾಜಿನ ಮನೆಯಲ್ಲಿ

ರಾಜ್ಯಪಾಲರ ಪ್ರಮಾಣವಚನ ಸಮಾರಂಭ ಬೆಂಗಳೂರಿನ ರಾಜಭವನದ ನಾಲ್ಕು ಗೋಡೆಗಳಿಂದ ಹೊರಗೆ ಬರಬೇಕು. ಕಾರವಾರದಲ್ಲಿ ಕುಳಿತು ಹೀಗೆ ಹೇಳಿದರೆ ಕೆಲವರು ನಗಬಹುದು. ಆದರೆ ಗವರ್ನರುಗಳ ಪಟ್ಟಾಭಿಷೇಕದ ಚರಿತ್ರೆಯಲ್ಲಿ ನಮ್ಮ ಕರಾವಳಿಗೂ ಒಂದು ಪಾಲಿದೆ.

ಕಾರವಾರದ ಬಳಿಯ ಬಿಣಗಾದ ಎದುರಿಗಿರುವ ಅಂಜದೀವ ದ್ವೀಪವನ್ನೇ ತೆಗೆದುಕೊಳ್ಳಿ. 1505ರಲ್ಲಿ ಪೋರ್ಚುಗಲ್ಲಿನ ದೊರೆ ಫ್ರಾನ್ಸಿಸ್ಕೊ ದ ಅಲ್ಮೇಡಾನನ್ನು ಕಳುಹಿಸಿದಾಗ ಒಂದು ಷರತ್ತು ಹಾಕಿದ್ದ: ಇಲ್ಲಿ ಕೋಟೆಗಳನ್ನು ಕಟ್ಟಿದ ಮೇಲಷ್ಟೇ ವೈಸ್‌ರಾಯ್ ಎಂಬ ಬಿರುದು. ಅವನು ಮೊದಲು ಕೈ ಹಾಕಿದ್ದು ಅಂಜದೀವದ ಕೋಟೆಗೆ. ಆಮೇಲೆ ಗೋವೆ ರಾಜಧಾನಿಯಾಯಿತು, ಆಡಂಬರ ಬೆಳೆಯಿತು. ಹಳೆಯ ಗೋವೆಯಲ್ಲಿ ಮಾಂಡೋವಿ ದಡದಿಂದ ವೈಸ್‌ರಾಯ್ ಕಮಾನಿನ ಮೂಲಕ ಹೊಸಬನ ಪ್ರವೇಶ. ಅಲ್ಲಿಯೇ ನಗರದ ಬೀಗದ ಕೈಗಳ ಹಸ್ತಾಂತರ. 1683ರಲ್ಲಿ ಸಂಭಾಜಿಯ ಸೈನ್ಯ ಗೋವೆಯನ್ನು ನಡುಗಿಸಿದಾಗ ಆಗಿನ ವೈಸ್‌ರಾಯ್ ತನ್ನ ಅಧಿಕಾರದಂಡವನ್ನು ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹದ ಬಳಿ ಇಟ್ಟು ಮೊರೆಹೋದನಂತೆ. ಮುಂದೆ ಬಂದವರು ಆ ಸಮಾಧಿಯಿಂದಲೇ ದಂಡವನ್ನು ಎತ್ತಿಕೊಳ್ಳುವ ಸಂಪ್ರದಾಯ ಬೆಳೆಯಿತು. ಅಧಿಕಾರ ದೊರೆಯಿಂದ ಮತ್ತು ದೇವರಿಂದ ಬಂದದ್ದು ಎಂದು ಸಾರುವುದಕ್ಕೆ ಇದಕ್ಕಿಂತ ಚೆನ್ನಾದ ನಾಟಕ ಬೇಕೆ? ಆಳಿಸಿಕೊಳ್ಳುವವರು ಅದರಲ್ಲಿ ಬರೀ ಪ್ರೇಕ್ಷಕರು.

ಈಚೆಯ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಥೆ ಬೇರೆ. 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ನಮ್ಮ ಗವರ್ನರುಗಳೆಲ್ಲ ಮುಂಬಯಿಯವರು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದೆವು. ಹಳೆಯ ಸಂಸ್ಥಾನಗಳ ರಾಜ್ಯಗಳಲ್ಲಿ ರಾಜ್ಯಪಾಲರ ಬದಲಿಗಿದ್ದ ರಾಜಪ್ರಮುಖರ ಹುದ್ದೆ ರದ್ದಾಗಿ, ಅದರಲ್ಲಿದ್ದ ಜಯಚಾಮರಾಜೇಂದ್ರ ಒಡೆಯರ್ ಅಂದೇ ರಾಜ್ಯಪಾಲರಾದರು. ಪಟ್ಟವೇರಿದ್ದ ಅರಸನೇ ಸಂವಿಧಾನಕ್ಕೆ ಬದ್ಧನಾಗಿ ಜನರ ಸೇವೆಯ ಪ್ರಮಾಣ ಮಾಡುವುದು ಸಣ್ಣ ಬದಲಾವಣೆಯಲ್ಲ. ನಮ್ಮ ಪಠ್ಯಪುಸ್ತಕಗಳು ಏಕೀಕರಣದ ಸಂಭ್ರಮದಲ್ಲಿ ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಆ ಪ್ರಮಾಣ ಸಂವಿಧಾನದ 159ನೇ ವಿಧಿಯಲ್ಲಿದೆ. ಸಂವಿಧಾನವನ್ನೂ ಕಾನೂನನ್ನೂ ಕಾಪಾಡುತ್ತೇನೆ, ಇಂಥ ರಾಜ್ಯದ ಜನರ ಸೇವೆಗೆ, ಕ್ಷೇಮಕ್ಕೆ ನನ್ನನ್ನು ಅರ್ಪಿಸಿಕೊಳ್ಳುತ್ತೇನೆ ಎಂಬುದು ಅದರ ತಿರುಳು. ರಾಜ್ಯದ ಹೆಸರು ಹಿಡಿದು ಅದರ ಜನರಿಗೆ ಕೊಡುವ ಈ ವಚನ ಮುಖ್ಯಮಂತ್ರಿಯ ಪ್ರಮಾಣದಲ್ಲಿಯೂ ಇಲ್ಲ. ವಿಚಿತ್ರವೆಂದರೆ, ಜನರು ಆರಿಸಿದ ಸರ್ಕಾರಗಳು ಮೈದಾನದಲ್ಲಿ, ವಿಧಾನಸೌಧದ ಮೆಟ್ಟಿಲುಗಳ ಮೇಲೆ ಸಾವಿರಾರು ಜನರೆದುರು ಪ್ರಮಾಣ ಮಾಡಿದ್ದುಂಟು. ರಾಷ್ಟ್ರಪತಿಯ ಸಹಿಯಿಂದ ನೇಮಕವಾಗುವವರು ಆಹ್ವಾನಿತರ ಮುಂದೆ ರಾಜಭವನದ ಗಾಜಿನ ಮನೆಯಲ್ಲಿ ಮಾಡುತ್ತಾರೆ. 2021ರ ಜುಲೈ 11ರಂದು ಥಾವರ್‌ಚಂದ್ ಗೆಹ್ಲೋಟ್ ಅಧಿಕಾರ ವಹಿಸಿಕೊಂಡದ್ದೂ ಹಾಗೆಯೇ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಗವರ್ನರ್ ಶಾಸನಭವನದ ಮೆಟ್ಟಿಲ ಮೇಲೆ ಬಯಲಿನಲ್ಲಿ ನಿಲ್ಲುತ್ತಾರೆ. ಅವರು ಮತ ಪಡೆದು ಬಂದವರು, ಆ ಹೋಲಿಕೆ ಪೂರ್ತಿ ಸಲ್ಲದು. ಆದರೆ ಮತ ಕೇಳದೆ ಬಂದವರಿಗೆ ಜನರ ಮುಖ ನೋಡುವ ಅಗತ್ಯ ಇನ್ನೂ ಹೆಚ್ಚು ಎಂಬುದು ನನ್ನ ವಾದ.

ಈ ಹುದ್ದೆಯ ಬಗ್ಗೆ ನಮ್ಮ ಜಿಲ್ಲೆಯವರು ತಲೆ ಕೆಡಿಸಿಕೊಳ್ಳುವುದು ಹೊಸತೂ ಅಲ್ಲ. ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದ 1983ರಲ್ಲಿಯೇ ಅವರ ಸರ್ಕಾರ ರಾಜ್ಯಪಾಲರ ಹುದ್ದೆಯ ಕುರಿತು ಶ್ವೇತಪತ್ರ ಹೊರಡಿಸಿತ್ತು. ಆರು ವರ್ಷಗಳಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರ ರಾಜ್ಯಪಾಲರ ವರದಿಯ ಮೇಲೆ ವಜಾ ಆಯಿತು. ಆ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ಇಂಥ ವಜಾಗಳಿಗೆ ಕಡಿವಾಣ ಹಾಕಿದ್ದು ಎಲ್ಲರಿಗೂ ಗೊತ್ತು.

159ನೇ ವಿಧಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಅವರಿಲ್ಲದಿದ್ದರೆ ಲಭ್ಯವಿರುವ ಹಿರಿಯ ನ್ಯಾಯಮೂರ್ತಿ ಎದುರಿಗಿರಬೇಕು ಎನ್ನುತ್ತದೆ. ಊರಿನ ಹೆಸರು ಅದರಲ್ಲಿಲ್ಲ. ಧಾರವಾಡದಲ್ಲಿ ಹೈಕೋರ್ಟ್ ಪೀಠವಿದೆ, ನಮ್ಮ ಮೊಕದ್ದಮೆಗಳು ಹೋಗುವುದೂ ಅಲ್ಲಿಗೇ. ಮುಂದಿನ ರಾಜ್ಯಪಾಲರು ಅಲ್ಲಿ ಬಯಲಿನಲ್ಲಿ, ಕನ್ನಡ ಅನುವಾದ ಎಲ್ಲರಿಗೂ ಕೇಳುವಂತೆ ಪ್ರಮಾಣ ಮಾಡಲಿ. ಖರ್ಚು, ಭದ್ರತೆ ಎಂದು ಆಕ್ಷೇಪಿಸುವವರು ಬೆಳಗಾವಿಯ ಸುವರ್ಣಸೌಧದಲ್ಲಿ ನಡೆಯುವ ಅಧಿವೇಶನದ ಲೆಕ್ಕವನ್ನು ಮೊದಲು ತೆಗೆದು ನೋಡಲಿ. ಹಾರ, ಶಾಲು, ಸಂಚಾರ ತಡೆ ಬೇಡ. ಕಾರವಾರದಿಂದ ಬಸ್ಸಿನಲ್ಲಿ ಹೋಗಿ ಹಿಂದಿನ ಸಾಲಿನಲ್ಲಿ ನಿಲ್ಲಲು ನಾನಂತೂ ಸಿದ್ಧ.